ಹಂಪೆಯ ಪಿಂಗಾಣಿ, ಮನೆಯ ಗಂಜಿ

ಹೊಸಪೇಟೆಯಲ್ಲಿ ‘ಚೀನೀ ತಿನಿಸು’ ಎಂದೊಡನೆ ಕಣ್ಣಮುಂದೆ ನಿಲ್ಲುವುದು ಸಂಜೆಯ ತಳ್ಳುಗಾಡಿ: ಭೋರೆನ್ನುವ ಒಲೆ, ಅದರ ಮೇಲೊಂದು ದೊಡ್ಡ ಬಾಣಲೆ, ಬಾಣಲೆಯಲ್ಲಿ ಕೆಂಪಗೆ ಮಿನುಗುವ ಗೋಬಿ ಮಂಚೂರಿ. ಹಂಪೆಗೆ ಹೋದರೆ ಚೀನಾ ಎಂದರೆ ಉತ್ಖನನದಲ್ಲಿ ದೊರೆತ ಪಿಂಗಾಣಿಯ ಚೂರು. ಸಂಡೂರಿನಲ್ಲಿ ಆ ಹೆಸರು ಕಬ್ಬಿಣದ ಅದಿರನ್ನೂ ಅದು ಹಡಗೇರಿ ಹೋದ ದಿನಗಳನ್ನೂ ನೆನಪಿಗೆ ತರುತ್ತದೆ. ಹೀಗೆ ಅರಮನೆ, ಬೀದಿ, ಗಣಿ ಎಂಬ ಮೂರು ಬಾಗಿಲುಗಳಿಂದ ಆ ದೇಶ ನಮಗೆ ಪರಿಚಿತವಾಗಿದೆ. ನಾಲ್ಕನೆಯದಾದ ಅಡುಗೆಮನೆಯ ಬಾಗಿಲನ್ನು ಮಾತ್ರ ನಾವು ತಟ್ಟಿ ನೋಡಿಲ್ಲ. ಚೀನೀ ಗೃಹಸ್ಥನ ಮನೆಯಲ್ಲಿ ಹಬ್ಬವಲ್ಲದ ದಿನ ಏನು ಬೇಯುತ್ತದೆ? ಕಂಪ್ಲಿಯ ಅಕ್ಕಿ, ನಮ್ಮ ಸಂತೆಯ ಕಾಯಿಪಲ್ಯಗಳಿಂದ ಅದನ್ನು ನಮ್ಮ ಮನೆಯಲ್ಲಿಯೂ ಮಾಡಬಹುದೆ? ಇದು ಅಡುಗೆಯ ಪ್ರಶ್ನೆಯಂತೆ ತೋರಿದರೂ ಒಳಗೆ ಚರಿತ್ರೆಯ ಪ್ರಶ್ನೆಯೇ ಆಗಿದೆ.

ಮೊದಲು ಅರಮನೆಯ ಬಾಗಿಲು. ಎರಡು ರಾಜ್ಯಗಳ ಕಾಲವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ವಿಜಯನಗರದ ಅರಸುಮನೆತನಗಳು 1336ರಿಂದ 1646ರವರೆಗೆ ಆಳಿದುವು. ಚೀನಾದ ಮಿಂಗ್ ವಂಶ 1368ರಿಂದ 1644ರವರೆಗೆ ಆಳಿತು. ಬುಕ್ಕರಾಯನ ದೂತರು 1374ರಲ್ಲಿ ಮಿಂಗ್ ಚಕ್ರವರ್ತಿಯ ಆಸ್ಥಾನಕ್ಕೆ ಹೋಗಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ನಗರವನ್ನು ವರ್ಣಿಸಿದ ಪೋರ್ಚುಗೀಸ ಬಾರ್ಬೋಸನು, ಇಲ್ಲಿಯ ಪೇಟೆಗೆ ಚೀನಾದಿಂದಲೂ ಅಲೆಕ್ಸಾಂಡ್ರಿಯಾದಿಂದಲೂ ರೇಷ್ಮೆಯ ಬಟ್ಟೆಗಳು ಬರುತ್ತಿದ್ದುವೆಂದು ಹೇಳುತ್ತಾನೆ. ಹಂಪೆಯ ಗಣ್ಯರ ವಸತಿಗಳಿದ್ದ ಭಾಗದಲ್ಲಿ ಅಗೆದಾಗ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಬಿಳಿಯ ಮೈಮೇಲೆ ನೀಲಿಯ ಬಳ್ಳಿ. ಕಡಲು ದಾಟಿ, ಘಟ್ಟ ಹತ್ತಿ, ಎತ್ತಿನ ಬೆನ್ನಿನ ಮೇಲೆ ಒಡೆಯದೆ ಬಂದ ಬಟ್ಟಲು ಒಂದು ಮನೆಯ ಐಶ್ವರ್ಯವನ್ನು ಸಾರಲು ಸಾಕಾಗಿತ್ತು.

ಆದರೆ ಆ ಬಟ್ಟಲಿನಲ್ಲಿ ಏನು ಬಡಿಸುತ್ತಿದ್ದರು? ಅದನ್ನು ಚೂರು ಹೇಳುವುದಿಲ್ಲ. ಬಟ್ಟಲು ಬಂದಿತು, ಅದರೊಳಗಿನ ಅಡುಗೆ ಬರಲಿಲ್ಲ. ಅರಮನೆಯ ಪ್ರಾಂಗಣದ ಸಮೀಪ ನೀರಿನ ಕಾಲುವೆಯ ಎರಡು ಬದಿಗಳಲ್ಲಿ ಸಾಲಾಗಿ ಹಾಸಿದ ಕಲ್ಲಿನ ತಟ್ಟೆಗಳನ್ನು ನೀವು ನೋಡಿರಬಹುದು. ಜನ ಅದನ್ನು ಭೋಜನಶಾಲೆ ಎನ್ನುತ್ತಾರೆ. ಅನ್ನಕ್ಕೊಂದು ದೊಡ್ಡ ಹಳ್ಳ, ವ್ಯಂಜನಗಳಿಗೆ ಚಿಕ್ಕ ಹಳ್ಳಗಳು. ಕಲ್ಲಿನಲ್ಲಿ ಕೊರೆದ ಬಾಳೆಲೆಯೆಂದೇ ಹೇಳಬೇಕು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕನು ತನಗೆ ದಿನವೂ ಸಿಗುತ್ತಿದ್ದ ಆಹಾರ ಸಾಮಗ್ರಿಯನ್ನು ಲೆಕ್ಕವಿಟ್ಟು ಬರೆದಿದ್ದಾನೆ: 2 ಕುರಿ, 4 ಜೊತೆ ಕೋಳಿ, 5 ಮಣ ಅಕ್ಕಿ, 1 ಮಣ ಬೆಣ್ಣೆ, 1 ಮಣ ಸಕ್ಕರೆ, ಮೇಲೆ 2 ವರಾಹ. ರಾಯಭಾರಿಯ ಉಗ್ರಾಣದ ಲೆಕ್ಕ ನಮಗೆ ತಿಳಿದಿದೆ. ಅವನ ಬಿಡಾರಕ್ಕೆ ಅಕ್ಕಿ ಹೊತ್ತು ತಂದ ಆಳು ತನ್ನ ಗುಡಿಸಲಿಗೆ ಮರಳಿ ಏನನ್ನು ಉಂಡ ಎಂಬುದನ್ನು ಯಾವ ಪ್ರವಾಸಿಯೂ ಬರೆದಿಡಲಿಲ್ಲ. ರಾಯನ ಎಳ್ಳೆಣ್ಣೆಯ ಸಮಾಚಾರವೂ ಹೀಗೆಯೇ. ಕೃಷ್ಣದೇವರಾಯನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು ಗರಡಿಗಿಳಿಯುತ್ತಿದ್ದನೆಂದು ಪಾಯಸನು ಬರೆದ. ರೈತನ ಒಗ್ಗರಣೆಯ ಎಣ್ಣೆ ಯಾವುದೆಂದು ಬರೆಯಲಿಲ್ಲ.

ಪ್ರವಾಸಿಗರು ಬಿಟ್ಟುದನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಡುವವರು ಶಾಸ್ತ್ರಕಾರರು. ಸುಮಾರು 1025ರಲ್ಲಿ ನಮ್ಮ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ಅಂತರ್ಜಲ, ವೃಕ್ಷಾಯುರ್ವೇದಗಳ ಜೊತೆಗೆ ಸೂಪಶಾಸ್ತ್ರಕ್ಕೂ ಒಂದು ಪ್ರಕರಣವಿದೆ. ಅದಕ್ಕೂ ಹಿಂದೆ, ಆರನೆಯ ಶತಮಾನದಲ್ಲಿ, ಜಿಯಾ ಸಿಷಿಯೆ ಎಂಬ ಚೀನೀ ಅಧಿಕಾರಿ ‘ಛೀಮಿನ್ ಯಾವೋಷು’ ಎಂಬ ಗ್ರಂಥದಲ್ಲಿ ಉಳುಮೆ, ಬಿತ್ತನೆ, ಪಶುಪಾಲನೆಗಳ ಜೊತೆಗೆ ಉಪ್ಪಿನಲ್ಲಿಡುವುದು, ಹುಳಿಸುವುದು, ಬೇಯಿಸುವುದನ್ನೂ ವಿವರಿಸಿದ. ಇಬ್ಬರೂ ಒಬ್ಬರನ್ನೊಬ್ಬರು ಅರಿಯರು. ಆದರೆ ನೆಲದಿಂದ ಎಲೆಯವರೆಗಿನ ವ್ಯವಹಾರವೆಲ್ಲ ಒಂದೇ ವಿದ್ಯೆ, ಅದನ್ನು ಒಂದೇ ಹೊತ್ತಗೆಯಲ್ಲಿ ಇಡಬೇಕು ಎಂಬ ವಿವೇಕ ಇಬ್ಬರದೂ ಒಂದೇ. ಮುಂದೆ 1508ರ ಸುಮಾರಿನಲ್ಲಿ, ಎಂದರೆ ಕೃಷ್ಣದೇವರಾಯನು ಪಟ್ಟವೇರುವ ಹೊತ್ತಿನಲ್ಲಿ, ಮೂರನೆಯ ಮಂಗರಸನು ಅಡುಗೆಗೆಂದೇ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಚೀನಾದಲ್ಲಿ 1792ರಲ್ಲಿ ಯುವಾನ್ ಮೇ ಎಂಬ ಕವಿ ತನ್ನ ಪಾಕಗ್ರಂಥವನ್ನು ಪ್ರಕಟಿಸಿದ. ಅವನ ಒಂದು ಎಚ್ಚರಿಕೆ ನನಗೆ ಬಹಳ ಹಿಡಿಸಿತು. ಪದಾರ್ಥದ ಬೆಲೆಗೂ ಹೆಸರಿಗೂ ಮರುಳಾಗುವವನು ಕಿವಿಯಿಂದ ಉಣ್ಣುತ್ತಾನೆ, ಬಡಿಸಿದ ಭಕ್ಷ್ಯಗಳ ಸಂಖ್ಯೆಗೆ ಮರುಳಾಗುವವನು ಕಣ್ಣಿನಿಂದ ಉಣ್ಣುತ್ತಾನೆ, ಇಬ್ಬರೂ ನಾಲಗೆಯನ್ನು ಉಪವಾಸ ಕೆಡವುತ್ತಾರೆ ಎಂಬುದು ಅವನ ಮಾತಿನ ತಾತ್ಪರ್ಯ. ನಮ್ಮ ಇಂದಿನ ಮದುವೆಯೂಟಗಳನ್ನು ನೋಡಿಯೇ ಬರೆದಂತಿದೆ!

ಇಲ್ಲಿ ಒಂದು ಪೂರ್ವಗ್ರಹವನ್ನು ಒರೆಸಿ ಹಾಕುವುದು ಒಳ್ಳೆಯದು. “ಚೀನೀಯರು ಏನನ್ನಾದರೂ ತಿನ್ನುತ್ತಾರೆ” ಎಂದು ನಮ್ಮಲ್ಲಿ ವಿದ್ಯಾವಂತರೂ ಮೂಗು ಮುರಿಯುವುದುಂಟು. ವಿಜಯನಗರದ ಅರಸರ ಊಟದ ವಿಷಯದಲ್ಲಿ ನ್ಯೂನಿಜನು ಬರೆದಿರುವ ಪಟ್ಟಿಯನ್ನು ಅವರು ಓದಬೇಕು. ಗುಬ್ಬಿ, ಇಲಿ, ಹಲ್ಲಿಗಳೂ ಅದರಲ್ಲಿ ಬರುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಗದ್ದೆಯ ಇಲಿಯ ಪಾಕಕ್ರಮವೇ ಇದೆ. ಯಾವ ಜನಾಂಗದ ಊಟವನ್ನೂ ಅದರ ವಿಚಿತ್ರಗಳಿಂದ ಅಳೆಯಬಾರದು. ಅದು ನಿತ್ಯ ಉಣ್ಣುವುದರಿಂದ ಅಳೆಯಬೇಕು.

ಇನ್ನು ಬೀದಿಯ ಬಾಗಿಲು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅಛ್ಯೂ ಎಂಬ ಚೀನೀ ವ್ಯಾಪಾರಿ ಕಲಕತ್ತೆಯ ಬಳಿ ವಾರನ್ ಹೇಸ್ಟಿಂಗ್ಸನಿಂದ ಭೂಮಿ ಪಡೆದು ಸಕ್ಕರೆಯ ಕಾರ್ಖಾನೆ ಹೂಡಿದ. ಆ ಸ್ಥಳಕ್ಕೆ ಇಂದಿಗೂ ಅವನ ಹೆಸರೇ ಇದೆ. ಅನಂತರ ಬಂದ ಕುಟುಂಬಗಳು ಚರ್ಮದ ಕೆಲಸ, ಬಡಗಿತನ, ದಂತವೈದ್ಯ, ಉಪಾಹಾರಗೃಹಗಳಲ್ಲಿ ತೊಡಗಿ ಕಲಕತ್ತೆಯವರೇ ಆದರು. ಅವರ ಅಡುಗೆ ನಮ್ಮ ದೇಶದ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಗಳೊಡನೆ ಕೂಡಿ ಹೊಸ ರುಚಿಯನ್ನು ಪಡೆಯಿತು. ಕಲಕತ್ತೆಯ ಚೀನೀ ಮನೆತನದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಕೋಳಿಯ ಮಂಚೂರಿಯನ್ನು ಮೊದಲು ಮಾಡಿದರೆಂಬುದು ಪ್ರಸಿದ್ಧ ವೃತ್ತಾಂತ. ಕೋಳಿಯ ಜಾಗದಲ್ಲಿ ಹೂಕೋಸು ಬಂದು, ಅದು ಕರ್ನಾಟಕದ ಬೀದಿಬೀದಿಗಳಿಗೂ ಇಳಿಯಿತು. ಮಂಚೂರಿಯಾ ಚೀನಾದ ಈಶಾನ್ಯದಲ್ಲಿರುವ ಪ್ರದೇಶ. ಅಲ್ಲಿಯವರಿಗೆ ಈ ತಿನಿಸಿನ ಪರಿಚಯವೇ ಇಲ್ಲ. 2024ರ ಮಾರ್ಚಿಯಲ್ಲಿ ನಮ್ಮ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು.

ಈ ತಿನಿಸಿನ ಹಿಂದೆ ಒಂದು ನೋವಿನ ಅಧ್ಯಾಯವೂ ಇದೆ. 1962ರ ಯುದ್ಧ ನಡೆದಾಗ ಭಾರತದಲ್ಲಿದ್ದ ಚೀನೀ ಮೂಲದ ಸುಮಾರು 3000 ಜನರನ್ನು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಬಂಧನದಲ್ಲಿರಿಸಲಾಯಿತು. ಅವರಲ್ಲಿ ಅನೇಕರು ಇಲ್ಲಿಯೇ ಹುಟ್ಟಿ ಬೆಳೆದವರು, ಮುದುಕರಿದ್ದರು, ಮಕ್ಕಳಿದ್ದರು. ಕೆಲವರ ಬಂಧನ ವರ್ಷಗಟ್ಟಲೆ ನಡೆಯಿತು. ಬಿಡುಗಡೆಯಾಗಿ ಮರಳಿದವರಿಗೆ ಅಂಗಡಿ ಮನೆಗಳು ಉಳಿದಿರಲಿಲ್ಲ. ಎಷ್ಟೋ ಕುಟುಂಬಗಳು ದೇಶವನ್ನೇ ಬಿಟ್ಟವು. ಗಡಿಯಲ್ಲಿ ಎರಡು ಸರಕಾರಗಳು ಕಾದಾಡಿದಾಗ ಕೆಟ್ಟದ್ದು ಯಾರದೋ ಮನೆಯ ಒಲೆ. ಅವರ ಸಮುದಾಯ ಕಲಿಸಿದ ತಿನಿಸು ಊರೂರಿಗೂ ಹಬ್ಬಿತು, ಆ ಮನೆಗಳ ಕಥೆ ಹಬ್ಬಲಿಲ್ಲ.

ಮೂರನೆಯದು ಗಣಿಯ ಬಾಗಿಲು. 2003ರಿಂದ ಮುಂದಿನ ಏಳೆಂಟು ವರ್ಷ ಚೀನಾದ ಉಕ್ಕಿನ ಕುಲುಮೆಗಳ ಹಸಿವಿಗೆ ಸಂಡೂರು ಹೊಸಪೇಟೆಗಳ ಗುಡ್ಡಗಳು ಕರಗಿದುವು. ಲಾರಿಗಳ ಸಾಲು, ಕೆಂಪು ಧೂಳು, ಧೂಳು ಕೂತು ಬಣ್ಣಗೆಟ್ಟ ಬೆಳೆ, ಇವನ್ನು ನಮ್ಮ ಭಾಗದವರಿಗೆ ವರ್ಣಿಸಬೇಕಾಗಿಲ್ಲ. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ತಡೆಯಿತು; 2011ರ ಜುಲೈಯಲ್ಲಿ ಲೋಕಾಯುಕ್ತರ ವರದಿ ಹೊರಬಂದಿತು; ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಡುಗೆಯ ಮಾತಿನಲ್ಲಿ ಅದಿರನ್ನು ಏಕೆ ತಂದೆನೆಂದರೆ, ಚೀನೀ ಅಡುಗೆಯ ಜೀವಾಳವೇ ಕಬ್ಬಿಣ. ನಮ್ಮ ಕಮ್ಮಾರ ಕಬ್ಬಿಣವನ್ನು ಕಾಯಿಸಿ ಬಡಿದು ಹದಗೊಳಿಸಿದ. ಚೀನಾದವರು ಕ್ರಿಸ್ತಪೂರ್ವದಲ್ಲಿಯೇ ಅದನ್ನು ನೀರಾಗಿ ಕರಗಿಸಿ ಅಚ್ಚಿಗೆ ಎರೆಯಲು ಕಲಿತರು. ಮಿಂಗ್ ಕಾಲದಲ್ಲಿ ದಕ್ಷಿಣ ಚೀನಾದ ಫೋಷಾನ್ ಪಟ್ಟಣದ ಎರಕದ ಬಾಣಲೆಗಳಿಗೆ ದೊಡ್ಡ ಹೆಸರಿತ್ತು. ಗುಂಡುತಳದ, ತೆಳು ಮೈಯ ಆ ಬಾಣಲೆ ಬೇಗ ಕಾಯುತ್ತದೆ. ಸೌದೆ ಕಡಿಮೆಯಿರುವ ಮನೆಯಲ್ಲಿ ಪದಾರ್ಥವನ್ನು ಮೊದಲೇ ಸಣ್ಣಗೆ ಹೆಚ್ಚಿಟ್ಟು, ದೊಡ್ಡ ಉರಿಯಲ್ಲಿ ಎರಡೇ ನಿಮಿಷ ಕೈಯಾಡಿಸಿ ಇಳಿಸುವ ಪದ್ಧತಿ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ನಮ್ಮ ಮನೆಗಳ ಹಳೆಯ ಕಬ್ಬಿಣದ ಬಾಣಲೆ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಅದಿರು ಹಡಗೇರಿ ಹೋದರೂ ಬಾಣಲೆ ಮನೆಯಲ್ಲಿಯೇ ಇದೆಯಲ್ಲ!

ಆದುದರಿಂದ ಈಗ ನಾಲ್ಕನೆಯ ಬಾಗಿಲನ್ನು ತಟ್ಟೋಣ. ಚೀನೀ ಊಟಕ್ಕೆ ಎರಡು ಅಂಗ: ‘ಫಾನ್’ ಮತ್ತು ‘ತ್ಸಾಯ್’. ಫಾನ್ ಎಂದರೆ ಬೇಯಿಸಿದ ಧಾನ್ಯ. ಊಟಕ್ಕೂ ಅದೇ ಹೆಸರು. ತ್ಸಾಯ್ ಎಂದರೆ ಮೂಲತಃ ಸೊಪ್ಪು ತರಕಾರಿ. ಅನ್ನದ ಜೊತೆಗೆ ನಂಜಿಕೊಳ್ಳುವ ಎಲ್ಲವೂ ಕ್ರಮೇಣ ತ್ಸಾಯ್ ಆಯಿತು. ನಮ್ಮ ‘ಪಲ್ಯ’ವೂ ಹಾಗೆಯೇ ಅಲ್ಲವೆ? ಉತ್ತರ ಕರ್ನಾಟಕದಲ್ಲಿ ಹೊಲದ ತಪ್ಪಲೂ ಪಲ್ಯ, ಬೇಯಿಸಿದ್ದೂ ಪಲ್ಯ. ಎದುರಾದವರನ್ನು “ಊಟ ಆಯಿತೆ?” ಎಂದು ವಿಚಾರಿಸುವ ವಾಡಿಕೆಯೂ ಎರಡೂ ಕಡೆ ಇದೆ. ಅನ್ನ ಪ್ರಧಾನ, ಪಲ್ಯ ಅದಕ್ಕೆ ಒತ್ತಾಸೆ ಎಂಬ ಈ ತತ್ತ್ವವನ್ನು ಹಿಡಿದರೆ ಮಿಕ್ಕಿದ್ದು ಸುಲಭ. ಅಂಗಡಿಯ ಕರಿಯ ಸೋಯಾ ರಸ, ಬಣ್ಣ, ಕರಿಯುವ ಎಣ್ಣೆಯ ಮಡು ಯಾವುದೂ ಬೇಕಿಲ್ಲ.

ನಮ್ಮ ಮನೆಯಲ್ಲಿ ಮಾಡಿ ನೋಡಿ ಒಪ್ಪಿಗೆಯಾದ ಎರಡು ಮೂರನ್ನು ಹೇಳುತ್ತೇನೆ. ಮೊದಲನೆಯದು ಆಲೂಗಡ್ಡೆಯದು. ಗಡ್ಡೆಯನ್ನು ಬೆಂಕಿಕಡ್ಡಿಯಷ್ಟು ತೆಳ್ಳಗೆ ಹೆಚ್ಚಿ, ಎರಡು ಮೂರು ನೀರಿನಲ್ಲಿ ತೊಳೆದು ಗಂಜಿಯಂಶವನ್ನು ಕಳೆಯಬೇಕು. ಮುಖ್ಯವಾದ ಗುಟ್ಟು ಇದೇ. ನೀರು ಚೆನ್ನಾಗಿ ಸೋರಿದ ಮೇಲೆ, ಕಾದ ಎಣ್ಣೆಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ, ಗಡ್ಡೆಯನ್ನು ಸುರಿದು, ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ ಬಿಡದೆ ಕೈಯಾಡಿಸಿ, ಉಪ್ಪನ್ನೂ ಒಂದು ಚಮಚ ವಿನೆಗರನ್ನೂ ಸೇರಿಸಿ ಇಳಿಸಬೇಕು. ಕಚ್ಚಿದರೆ ಗರಕ್ಕೆನ್ನಬೇಕು, ಮೆತ್ತಗಾದರೆ ಅದು ನಮ್ಮ ಪೂರಿಯ ಪಲ್ಯವಾಯಿತು. ಎರಡನೆಯದು ಸೌತೆಯದು. ಎಳೆಯ ಸೌತೆಕಾಯನ್ನು ಹೆಚ್ಚದೆ ಗುಂಡುಕಲ್ಲಿನಿಂದ ಮೆಲ್ಲಗೆ ಜಜ್ಜಿ ತುಂಡುಮಾಡಿ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ವಿನೆಗರು, ಕೊನೆಗೆ ನಾಲ್ಕು ಹನಿ ಎಳ್ಳೆಣ್ಣೆ. ರಾಯನು ಕುಡಿದ ಎಣ್ಣೆ ಇಲ್ಲಿ ಬರಿಯ ಸುವಾಸನೆಗೆ. ಚೀನಾದವರು ಎಳ್ಳನ್ನು ಹುರಿದು ಎಣ್ಣೆ ತೆಗೆಯುವುದರಿಂದ ಅವರದಕ್ಕೆ ಘಮ ಹೆಚ್ಚು. ದಂಟಿನ ಸೊಪ್ಪು ಆ ದೇಶದಲ್ಲಿಯೂ ಮನೆಮನೆಯ ಸೊಪ್ಪೇ. ಬೆಳ್ಳುಳ್ಳಿಯ ಒಗ್ಗರಣೆಯಲ್ಲಿ ಅದನ್ನು ಬಾಡಿಸಿದೊಡನೆ ಇಳಿಸುತ್ತಾರೆ, ತೆಂಗಿನತುರಿ ಬೇಳೆಗಳ ಗೊಡವೆ ಇಲ್ಲ. ಮೊಟ್ಟೆ ತಿನ್ನುವ ಮನೆಗಳಿಗೆ ಇನ್ನೊಂದಿದೆ: ಕಡೆದ ಮೊಟ್ಟೆಯನ್ನು ಕಾದ ಎಣ್ಣೆಯಲ್ಲಿ ದೊಡ್ಡ ಉಂಡೆಗಳಾಗುವಂತೆ ಬೇಯಿಸಿ ತೆಗೆದಿಟ್ಟು, ಅದೇ ಬಾಣಲೆಯಲ್ಲಿ ಟೊಮೇಟೊವನ್ನು ಉಪ್ಪು, ಚಿಟಿಕೆ ಸಕ್ಕರೆಗಳೊಡನೆ ರಸ ಬಿಡುವವರೆಗೆ ಬಾಡಿಸಿ, ಮೊಟ್ಟೆಯನ್ನು ಮತ್ತೆ ಸೇರಿಸಿ, ಮೇಲೆ ಉಳ್ಳಾಗಡ್ಡಿಯ ಹಸಿರು ಎಲೆ ಉದುರಿಸುವುದು. ಚೀನೀ ಮಕ್ಕಳು ಅಡುಗೆಯಲ್ಲಿ ಮೊದಲು ಕಲಿಯುವುದು ಬಹುಶಃ ಇದನ್ನೇ. ರಾತ್ರಿ ಉಳಿದ ಅನ್ನವನ್ನು ಅವರು ಬಾಣಲೆಗೆ ಹಾಕಿ ಬಿಸಿಮಾಡುವುದಕ್ಕೂ ನಾವು ಬೆಳಗ್ಗೆ ಒಗ್ಗರಣೆ ಕೊಡುವುದಕ್ಕೂ ಕಾರಣ ಒಂದೇ: ಅನ್ನವನ್ನು ಚೆಲ್ಲಬಾರದು.

ಈ ಅಡುಗೆಗಳಲ್ಲಿ ಬರುವ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳು ಎರಡೂ ದೇಶಗಳಿಗೆ ಪರದೇಶದವು, ಅಮೆರಿಕದಿಂದ ಬಂದವು. ಚೀನಾದಲ್ಲಿ ಮೆಣಸಿನಕಾಯಿಯ ಮೊದಲ ಉಲ್ಲೇಖ 1591ರ ಒಂದು ಗ್ರಂಥದಲ್ಲಿದೆ. ಅಲ್ಲಿ ಅದೊಂದು ನೋಟದ ಗಿಡ. ನಮ್ಮಲ್ಲಿ ಹಂಪೆಯ ಪುರಂದರದಾಸರ ಅಂಕಿತವಿರುವ ಮೆಣಸಿನಕಾಯಿಯ ಕೀರ್ತನೆಯೊಂದು ಪ್ರಚಾರದಲ್ಲಿದೆ. ಹೊಸ ವಸ್ತುವಿಗೆ ಹಳೆಯ ಮೆಣಸಿನ ಹೆಸರನ್ನೇ ಹಿಗ್ಗಿಸಿ ನಾವು ‘ಮೆಣಸಿನಕಾಯಿ’ ಎಂದೆವು. ಚೀನೀಯರೂ ತಮ್ಮ ಹಳೆಯ ಮೆಣಸಿನ ಹೆಸರಿಗೇ ಖಾರವೆಂಬ ವಿಶೇಷಣ ಸೇರಿಸಿದರು. ಮಾತುಗಳ ಪ್ರಯಾಣವೂ ಸ್ವಾರಸ್ಯವಾದುದು. ಧಾರವಾಡದ ಕಡೆಯ ‘ಚಹಾ’, ಮೈಸೂರಿನ ಕಡೆಯ ‘ಟೀ’ ಎರಡೂ ಚೀನೀ ಭಾಷೆಯ ಒಂದೇ ಶಬ್ದದ ಎರಡು ಪ್ರಾಂತೀಯ ರೂಪಗಳು. ಮೊದಲನೆಯದು ಪಾರಸಿಯ ದಾರಿಯಲ್ಲಿ ಬಂದಿತು, ಎರಡನೆಯದು ಯುರೋಪಿನ ಹಡಗುಗಳಲ್ಲಿ. ಹೊಸಪೇಟೆಯಲ್ಲಿ ಎರಡೂ ಕೇಳಿಬರುತ್ತವೆ. ಇದಕ್ಕೆ ಪ್ರತಿಯಾಗಿ ನಾವೂ ಒಂದು ಶಬ್ದವನ್ನು ಕೊಟ್ಟಿದ್ದೇವೆ. ಚೀನಾದ ಮನೆಮನೆಯ ಬೆಳಗಿನ ಆಹಾರವಾದ ತೆಳುವಾದ ಅಂಬಲಿಯನ್ನು ಇಂಗ್ಲಿಷರು ‘ಕಾಂಜೀ’ ಎಂದು ಕರೆಯುತ್ತಾರೆ. ಅದು ತಮಿಳಿನ ಕಂಜಿ, ನಮ್ಮ ಗಂಜಿ. ಪೋರ್ಚುಗೀಸರ ಬಾಯಿಂದ ಲೋಕಕ್ಕೆ ಹರಡಿದ ದ್ರಾವಿಡ ಶಬ್ದ.

ಗಂಜಿಯ ಮಾತು ಬಂದಿತು. ನನಗೆ ಮುಖ್ಯವಾಗಿ ಹೇಳಬೇಕಾದದ್ದೂ ಅದರಲ್ಲಿಯೇ ಇದೆ. ಉತ್ತರ ಚೀನಾದ ಹಳೆಯ ಧಾನ್ಯ ಅಕ್ಕಿಯಲ್ಲ, ನವಣೆ ಮತ್ತು ಬರಗು. ಏಳೆಂಟು ಸಾವಿರ ವರ್ಷಗಳ ಹಿಂದೆಯೇ ಅಲ್ಲಿಯ ರೈತರು ಇವನ್ನು ಬೆಳೆಗಳಾಗಿ ಪಳಗಿಸಿದರು. ಲಾಜಿಯಾ ಎಂಬ ಸ್ಥಳದಲ್ಲಿ, ಸುಮಾರು 4000 ವರ್ಷಗಳ ಹಿಂದೆ ಉತ್ಪಾತದಲ್ಲಿ ಹೂತುಹೋದ ಮನೆಯೊಂದರಲ್ಲಿ, ಬೋರಲಾಗಿ ಬಿದ್ದ ಮಣ್ಣಿನ ಬೋಗುಣಿಯ ಅಡಿಯಲ್ಲಿ ಶಾವಿಗೆಯ ಎಳೆಗಳು ದೊರೆತುವು. ಅವು ನವಣೆ, ಬರಗುಗಳಿಂದ ಮಾಡಿದುವೆಂದು ಪರೀಕ್ಷಿಸಿದವರು 2005ರಲ್ಲಿ ಪ್ರಕಟಿಸಿದರು. ಉಣ್ಣುವ ಮುನ್ನವೇ ಉರುಳಿಬಿದ್ದ ಯಾರದೋ ಊಟ! ಬಳ್ಳಾರಿಯ ಬಳಿಯ ಸಂಗನಕಲ್ಲಿನ ಬೆಟ್ಟದಲ್ಲಿ ನವಶಿಲಾಯುಗದ ಬೂದಿಯೊಳಗೆ ಸಿಕ್ಕಿರುವುದು ಕೊರಲೆಯಂಥ ಈ ನೆಲದ ಕಿರುಧಾನ್ಯ, ಹುರುಳಿ, ಹೆಸರು. ನವಣೆ ಬರಗುಗಳು ಆಮೇಲೆ ಬಂದು ಪಂಕ್ತಿಯಲ್ಲಿ ಕೂತವು. ಸಂಸ್ಕೃತ ಕೋಶಗಳು ಬರಗನ್ನು ‘ಚೀನಕ’ ಎಂದು ಕರೆಯುತ್ತವೆ. ಬಂದ ದಿಕ್ಕು ಹೆಸರಿನಲ್ಲಿಯೇ ಉಳಿದಿದೆ. ಯಾವ ಶಾಸನವೂ ಈ ಆಗಮನವನ್ನು ಕೆತ್ತಲಿಲ್ಲ, ಯಾವ ದೂತನೂ ಕಾಣಿಕೆಯಾಗಿ ತರಲಿಲ್ಲ. ಒಬ್ಬ ರೈತನ ಸೆರಗಿನಿಂದ ಇನ್ನೊಬ್ಬನ ಸೆರಗಿಗೆ, ಒಂದು ಮಡಕೆಯಿಂದ ಇನ್ನೊಂದು ಮಡಕೆಗೆ ಸಾಗುತ್ತ ಬಂದು, ಸಂಡೂರು ಕೂಡ್ಲಿಗಿಗಳ ಮಳೆಯಾಶ್ರಯದ ಹೊಲಗಳಲ್ಲಿ ನಮ್ಮದೇ ಆದುವು. ಚೀನೀ ಮನೆಯಡುಗೆಯನ್ನು ನಾವು ಹೊಸದಾಗಿ ಕಲಿಯಬೇಕಾಗಿಲ್ಲ. ನಮ್ಮ ಅಜ್ಜಿಯರು ಅದರ ಒಂದು ಪಾಠವನ್ನು ಬಹುಕಾಲದಿಂದ ಒಪ್ಪಿಸುತ್ತಲೇ ಇದ್ದರು.

ಆ ಪಾಠ ಈಗ ಮರೆತುಹೋಗುತ್ತಿದೆ. ವಿಜಯನಗರದ ಕಾಲದಲ್ಲಿಯೂ ತುರ್ತು ಕಾಲುವೆಯಂಥವು ಪೋಷಿಸಿದ ಭತ್ತ ದೇವಸ್ಥಾನದ, ಧನಿಕರ ಧಾನ್ಯವಾಗಿತ್ತು. ಬೆದ್ದಲು ಭೂಮಿಯ ಕಿರುಧಾನ್ಯ ಸಾಮಾನ್ಯರದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಕಂಪ್ಲಿಯ ಸುತ್ತ ನೀರು ಹರಿದು, ಬಿಳಿಯ ಅನ್ನ ಎಲ್ಲರ ಎಲೆಗೂ ಬಂದಿತು. ಅದು ದೊಡ್ಡ ಪುಣ್ಯವೇ. ಹಸಿವನ್ನು ಕಂಡವರು ಅದನ್ನು ಹಗುರವಾಗಿ ನುಡಿಯಲಾರರು. ಆದರೆ ಅದರ ಬೆನ್ನಿಗೇ ನವಣೆ ‘ಬಡವರ ಊಟ’ ಎಂಬ ನಾಚಿಕೆಗೆ ಗುರಿಯಾಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಅದು ಪೊಟ್ಟಣದೊಳಗೆ ಸೇರಿ ಪಟ್ಟಣದ ಅಂಗಡಿಗಳಲ್ಲಿ ಕಾಣಿಸಿಕೊಂಡಿದೆ. ಯುವಾನ್ ಮೇ ಕಂಡಿದ್ದರೆ ಕಿವಿಯಿಂದ ಉಣ್ಣುವವರ ಸಾಲಿಗೆ ನಮ್ಮನ್ನೂ ಸೇರಿಸುತ್ತಿದ್ದನೋ ಏನೋ! ಧಾನ್ಯವೊಂದು ನಿಜವಾಗಿ ಉಳಿಯುವುದು ಹಬ್ಬವಲ್ಲದ ದಿನದ ಒಲೆಯ ಮೇಲೆ.

ಉತ್ತರ ಚೀನಾದ ಮನೆಗಳಲ್ಲಿ ಇಂದಿಗೂ ನವಣೆಯ ಗಂಜಿ ಬೆಳಗಿನ ಹೊತ್ತಿನದು. ಬಾಣಂತಿಯರಿಗೂ ಕಾಯಿಲೆಯಿಂದ ಎದ್ದವರಿಗೂ ಅದನ್ನೇ ಕೊಡುತ್ತಾರೆ. ಮಾಡುವ ಕ್ರಮ ಸರಳ. ಒಂದು ಪಾವು ನವಣೆ ಅಕ್ಕಿಯನ್ನು ತೊಳೆದು, ಹತ್ತು ಪಾವು ಕುದಿಯುವ ನೀರಿಗೆ ಸುರಿದು, ಉಪ್ಪು ಹಾಕದೆ, ಸಣ್ಣ ಉರಿಯಲ್ಲಿ ಅರ್ಧ ಗಂಟೆಗೂ ಮಿಕ್ಕಿ ಬೇಯಿಸುವುದು. ಮೇಲೆ ಹಳದಿಯ ತೆಳು ಕೆನೆ ಕಟ್ಟಿದಾಗ ಹದ ಬಂದಿತೆಂದು ತಿಳಿಯಬೇಕು. ಅವರು ಅದಕ್ಕೆ ಉಪ್ಪಿನಲ್ಲಿಟ್ಟ ತರಕಾರಿಯನ್ನು ನಂಜಿಕೊಳ್ಳುತ್ತಾರೆ. ನಾವು ಮಾವಿನ ಉಪ್ಪಿನಕಾಯನ್ನೋ ಶೇಂಗಾ ಚಟ್ನಿಯನ್ನೋ ಇಟ್ಟುಕೊಂಡರಾಯಿತು. ಪಿಂಗಾಣಿಯ ಬಟ್ಟಲೇ ಆಗಬೇಕೆಂದಿಲ್ಲ, ಸ್ಟೀಲಿನ ಲೋಟವೂ ಆದೀತು. ಬಿಸಿಯಿರುವಾಗಲೇ ಕುಡಿಯಬೇಕು.